ಸ್ವೀಟ್ ಕಾರ್ನ್‌ಗೆ ಮೆಕ್ಕೆಜೋಳದ ಕಳೆ ಎಣ್ಣೆ ಹೊಡೆಯುವ ಮುಂಚೆ

[ದೃಶ್ಯ: ಅಂಗೈ ಮೇಲೆ ಎರಡು ಬೀಜ, ಹತ್ತಿರದಿಂದ]

ನಮಸ್ಕಾರ. ಈ ಎರಡು ಬೀಜ ನೋಡಿ. ಒಂದು ತುಂಬಿಕೊಂಡು ಗಟ್ಟಿಯಾಗಿದೆ. ಇದು ನಮ್ಮ ದಾವಣಗೆರೆ ಕಡೆ ಎಲ್ಲರೂ ಬಿತ್ತುವ ಮೆಕ್ಕೆಜೋಳ. ಇನ್ನೊಂದು ಒಣದ್ರಾಕ್ಷಿ ಥರ ಸುಕ್ಕುಗಟ್ಟಿದೆ. ಇದು ಸ್ವೀಟ್ ಕಾರ್ನ್. ಇದರಲ್ಲಿ ಸಕ್ಕರೆ ಪೂರ್ತಿ ಹಿಟ್ಟಾಗುವುದಿಲ್ಲ, ಅದಕ್ಕೇ ಒಣಗಿದಾಗ ಹೀಗೆ ಒಳಕ್ಕೆ ಕುಸಿಯುತ್ತದೆ. ಹಿಟ್ಟು ಕಮ್ಮಿ ಅಂದರೆ ಮೊಳಕೆಗೆ ಬುತ್ತಿ ಕಮ್ಮಿ. ಮೊದಲ ಎರಡು ಮೂರು ವಾರ ಸಸಿ ನಿಧಾನಕ್ಕೆ ಏಳುತ್ತದೆ. ಕಸ ಹಾಗೆ ಕಾಯುವುದಿಲ್ಲ, ಅಲ್ವಾ?

ಬಿತ್ತಿದ 15ನೇ ದಿನದಿಂದ 45ನೇ ದಿನದವರೆಗೆ ಹೊಲ ಚೊಕ್ಕಟವಾಗಿರಬೇಕು. 75-85 ದಿನಕ್ಕೆ ಹಸಿ ತೆನೆ ಮುರಿಯುವ ಬೆಳೆ ಇದು. ಒಮ್ಮೆ ಹಿಂದೆ ಬಿದ್ದರೆ ಚೇತರಿಸಿಕೊಳ್ಳಲು ದಿನಗಳೇ ಇಲ್ಲ.

ಮೊದಲ ಎಣ್ಣೆ, ಅಂದರೆ ಕಸ ಸಾಯಿಸುವ ಔಷಧಿ, ಅಟ್ರಾಜಿನ್, 50 ಪರ್ಸೆಂಟ್ ಪುಡಿ. ಬಿತ್ತಿದ ಮೂರು ದಿನದೊಳಗೆ, ಕಸ ಹುಟ್ಟುವ ಮುಂಚೆ ಹೊಡೆಯಬೇಕು. ಕಸದ ಬೇರು ಇದನ್ನು ಎಳೆದುಕೊಳ್ಳುತ್ತದೆ. ಆಮೇಲೆ ಎಲೆ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವುದು ನಿಂತುಹೋಗುತ್ತದೆ. ಜೋಳದ ಗಿಡ ಇದೇ ಎಣ್ಣೆಯನ್ನು ಒಳಗೇ ಮುರಿದು ಅರಗಿಸಿಕೊಳ್ಳುತ್ತದೆ, ಅದಕ್ಕೇ ಬದುಕುತ್ತದೆ. ಗೋಣಿಸೊಪ್ಪು, ಕಾಂಗ್ರೆಸ್ ಗಿಡ ಇದಕ್ಕೆ ಹೋಗುತ್ತವೆ. ಜೇಕು, ಕರಿಕೆ ಜಗ್ಗುವುದಿಲ್ಲ. ಜೇಕು ಜಾಸ್ತಿ ಇರುವ ಹೊಲಕ್ಕೆ ಬೇಸಿಗೆಯಲ್ಲೇ ಆಳವಾಗಿ ನೇಗಿಲು ಹೊಡೆಸಿ ಗಡ್ಡೆ ಆರಿಸಿ.

ಎಕರೆಗೆ 400ರಿಂದ 800 ಗ್ರಾಂ. ಹಗುರ ಕೆಂಪು ನೆಲಕ್ಕೆ 400ರ ಕಡೆ, ಎರೆ ಹೊಲಕ್ಕೆ ಮೇಲಿನ ಕಡೆ. ನೀರು ಕಮ್ಮಿ ಅಂದರೂ 200 ಲೀಟರ್.

[ದೃಶ್ಯ: ತಕ್ಕಡಿ, ಸಣ್ಣ ಬಕೆಟ್, ಬೆನ್ನಿನ ಕ್ಯಾನ್]

ಲೆಕ್ಕ ಹೀಗೆ. ಎಕರೆಗೆ 500 ಗ್ರಾಂ ಅಂತ ಇಟ್ಟುಕೊಳ್ಳಿ. 16 ಲೀಟರ್ ಕ್ಯಾನಿನಲ್ಲಿ 200 ಲೀಟರ್ ಅಂದರೆ ಹನ್ನೆರಡೂವರೆ ಕ್ಯಾನ್. ಕ್ಯಾನಿಗೆ 40 ಗ್ರಾಂ. ಮುಚ್ಚಳದಲ್ಲಿ ಅಳೆಯಬೇಡಿ, ತೂಗಿ. ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಪುಡಿ ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಕೋಲಿನಿಂದ ಕಲಸಿ. ಆಮೇಲೆ ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಸುರಿಯಿರಿ. ಈ ಪುಡಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಮಧ್ಯೆ ಮಧ್ಯೆ ಕ್ಯಾನ್ ಅಲ್ಲಾಡಿಸಿ. ಇಲ್ಲದಿದ್ದರೆ ಒಂದು ಸಾಲಿಗೆ ಬರೀ ನೀರು, ಇನ್ನೊಂದು ಸಾಲಿಗೆ ಗಷ್ಟು.

ನೆಲದಲ್ಲಿ ಹಸಿ ಇರಲೇಬೇಕು. ಜಗಳೂರಿನಂಥ ಮಳೆ ಕಮ್ಮಿ ಕಡೆ ಒಣ ಮಣ್ಣಿಗೆ ಹೊಡೆದು, ಎಣ್ಣೆ ಕೆಲಸ ಮಾಡಲಿಲ್ಲ ಅನ್ನುವವರು ಜಾಸ್ತಿ. ಅಲ್ಲಿ ತಪ್ಪು ಎಣ್ಣೆಯದ್ದಲ್ಲ. ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊಡೆಯಿರಿ, ಹೊಡೆದ ಜಾಗ ತುಳಿಯಬೇಡಿ.

ನಮ್ಮಲ್ಲಿ ಬಹಳ ಜನ ಮರೆಯುವ ವಿಷಯ ಒಂದಿದೆ. ಜೋಳದ ನಡುವೆ ಅಕ್ಕಡಿ ಸಾಲು ತೊಗರಿ, ಅಲಸಂದೆ ಹಾಕುತ್ತೀರಲ್ಲ, ಅಟ್ರಾಜಿನ್ ಅವನ್ನೂ ಸುಡುತ್ತದೆ. ಅಕ್ಕಡಿ ಬೇಕಿದ್ದರೆ ಪೆಂಡಿಮಿಥಾಲಿನ್ ಅನ್ನುವ ಇನ್ನೊಂದು ಕಳೆ ಎಣ್ಣೆಯ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಇನ್ನೊಂದು ತೊಡಕು. ಸ್ವೀಟ್ ಕಾರ್ನ್ ಬೇಗ ಹೊಲ ಬಿಡುತ್ತದೆ, ನಾವು ತಕ್ಷಣ ಸೌತೆ, ಟೊಮೆಟೊ ಹಾಕುತ್ತೇವೆ. ಅಟ್ರಾಜಿನ್ ಅಷ್ಟರಲ್ಲಿ ಮಣ್ಣಿನಿಂದ ಪೂರ್ತಿ ಹೋಗಿರುವುದಿಲ್ಲ, ಸುಣ್ಣದಂಶದ ಎರೆಯಲ್ಲಿ ಇನ್ನೂ ಜಾಸ್ತಿ ದಿನ ಇರುತ್ತದೆ. ಅದಕ್ಕೇ ಸುಮ್ನೆ ಡೋಸ್ ಏರಿಸಬೇಡಿ ಅನ್ನುವುದು.

[ದೃಶ್ಯ: ಬೆಳ್ಳಗಾದ ಸುಳಿ]

ಈಗ ಕಸ ಎದ್ದ ಮೇಲೆ ಹೊಡೆಯುವ ಎಣ್ಣೆ. ಟೆಂಬೋಟ್ರಯೋನ್, ಟೋಪ್ರಮಿಜೋನ್ ಇವೇ ಈಗ ಓಡುತ್ತಿರುವುದು. ಎಲೆಯ ಹಸಿರನ್ನು ಬಿಸಿಲಿನಿಂದ ಕಾಯುವ ಬಣ್ಣವನ್ನೇ ಇವು ತಡೆಯುತ್ತವೆ. ಕಸ ಬಿಳಿಚಿಕೊಂಡು ಸಾಯುತ್ತದೆ. ಮೆಕ್ಕೆಜೋಳದಲ್ಲಿ ಒಳ್ಳೆಯ ಕೆಲಸ ಮಾಡುತ್ತವೆ, ಅದರಲ್ಲಿ ಎರಡು ಮಾತಿಲ್ಲ.

ನಾನು ಮೊದಲ ಸಲ ಸ್ವೀಟ್ ಕಾರ್ನ್ ಹಾಕಿದಾಗ ಅಂಗಡಿಯಲ್ಲಿ, ಇದೂ ಜೋಳಾನೇ, ಹೊಡೀರಿ ಅಂದರು. ಅರ್ಧ ಎಕರೆಗೂ ಹೊಡೆದೆ. ಐದನೇ ದಿನ ಬೆಳಗ್ಗೆ ಹೋಗಿ ನೋಡಿದರೆ ಕಸದ ಜೊತೆ ನನ್ನ ಬೆಳೆಯೂ ಬೆಳ್ಳಗಿತ್ತು. ಹೊರಗೆ ಬರುತ್ತಿದ್ದ ಎಲೆ ನೆನೆದ ಕಾಗದದ ಹಾಗೆ, ಬೆರಳು ಹಿಂದೆ ಇಟ್ಟರೆ ನೆರಳು ಕಾಣುವಷ್ಟು ತೆಳ್ಳಗೆ. ಪಕ್ಕದ ಮೆಕ್ಕೆಜೋಳ ಅದೇ ಎಣ್ಣೆ ಕುಡಿದು ಹಸಿರಾಗಿ ನಿಂತಿತ್ತು. ಬದುವಿನ ಮೇಲೆ ಬಹಳ ಹೊತ್ತು ಕೂತಿದ್ದೆ.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಈ ಎಣ್ಣೆ ಮುರಿಯುವ ಕೆಲಸವನ್ನು ಜೋಳದಲ್ಲಿ ಮುಖ್ಯವಾಗಿ ಒಂದು ಜೀನ್ ನೋಡಿಕೊಳ್ಳುತ್ತದೆ. ಅಮೆರಿಕದ ಇಲಿನಾಯ್ಸ್‌ನಲ್ಲಿ ಸ್ವೀಟ್ ಕಾರ್ನ್ ತಳಿಗಳನ್ನು ಪರೀಕ್ಷೆ ಮಾಡಿದ ವಿಜ್ಞಾನಿಗಳು, ಕೆಲವು ತಳಿಗಳಲ್ಲಿ ಆ ಜೀನ್ ಕೆಟ್ಟಿರುತ್ತದೆ ಅಂತ ತೋರಿಸಿದ್ದಾರೆ. ಅಪ್ಪ, ಅಮ್ಮ ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದ ತಳಿಗೆ ಟೆಂಬೋಟ್ರಯೋನ್ ಅಷ್ಟೇ ಅಲ್ಲ, ನಿಕೋಸಲ್ಫ್ಯೂರಾನ್, ಮೀಸೋಟ್ರಯೋನ್ ಅನ್ನುವ ಎಣ್ಣೆಗಳೂ ಪೆಟ್ಟು ಕೊಡುತ್ತವೆ. ಎಲ್ಲ ಸ್ವೀಟ್ ಕಾರ್ನ್ ಹೀಗಲ್ಲ. ಆದರೆ ಬೀಜ ನೋಡಿ ಹೇಳಲು ಬರುವುದಿಲ್ಲ.

ಹಾಗಾಗಿ ಈಗ ನಾನು ಮಾಡುವುದು ಇದು. ಹೊಸ ತಳಿ ಬಂದರೆ ಬೀಜದ ಕಂಪನಿಯವರಿಗೆ ಫೋನ್ ಮಾಡಿ, ಈ ತಳಿಗೆ ಈ ಎಣ್ಣೆ ಆಗುತ್ತಾ ಅಂತ ತಳಿಯ ಹೆಸರು ಹಿಡಿದೇ ಕೇಳುತ್ತೇನೆ. ಅವರು ಹೂಂ ಅಂದರೂ ಮೂಲೆಯ ಎರಡು ಸಾಲಿಗೆ ಮಾತ್ರ ಹೊಡೆದು ಒಂದು ವಾರ ನೋಡುತ್ತೇನೆ. ಅದಕ್ಕೆ ಆ ಎರಡು ಸಾಲನ್ನು ಉಳಿದ ಹೊಲಕ್ಕಿಂತ ಹತ್ತು ದಿನ ಮುಂಚೆ ಬಿತ್ತಿರುತ್ತೇನೆ. ಮಿಕ್ಕ ಹೊಲಕ್ಕೆ ಬಿತ್ತಿದ ಕೂಡಲೇ ಅಟ್ರಾಜಿನ್, 20-25ನೇ ದಿನಕ್ಕೆ ಎಡೆಕುಂಟೆ. ಗಿಡದ ಬುಡದಲ್ಲಿ ಉಳಿದದ್ದಕ್ಕೆ ಕಳೆ ಕೀಳುವ ಕುರ್ಚಿಗೆ ಹಿಡಿಯುತ್ತೇವೆ. ಕೂಲಿ ಬೀಳುತ್ತದೆ, ನಿಜ. ಆದರೆ ಬೆಳ್ಳಗಾದ ಅರ್ಧ ಎಕರೆಯ ಮುಂದೆ ಆ ಕೂಲಿ ನನಗೆ ದೊಡ್ಡದಲ್ಲ.

2,4-ಡಿ ಅನ್ನುವ ಕಳೆ ಎಣ್ಣೆ ಹೊಡೆಯುವವರು ಗಾಳಿ ನೋಡಿ. ಪಕ್ಕದವರ ಹತ್ತಿ, ಟೊಮೆಟೊ ಎಲೆ ಮುರುಟುತ್ತದೆ. ಆ ಕ್ಯಾನನ್ನು ಬೇರೆ ಬೆಳೆಗೆ ಬಳಸಲೇಬೇಡಿ. ಗ್ಲೈಫೊಸೇಟ್ ಅಂತೂ ನಿಂತ ಬೆಳೆಗೆ ತಾಗಿಸುವ ಹಾಗೇ ಇಲ್ಲ, ಜೋಳವೂ ಹೋಗುತ್ತದೆ.

ಕೊನೆಗೆ ಡಬ್ಬಿಯ ಚೀಟಿ. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಅದರಲ್ಲಿರುತ್ತದೆ. ಈ ತೆನೆಯನ್ನು ಮಕ್ಕಳು ಹಸಿಹಸಿಯಾಗೇ ಕಚ್ಚುತ್ತಾರೆ. ತೆನೆ ಮುರಿದ ಸಾಯಂಕಾಲವೇ ಹಸಿ ದಂಟು ಎಮ್ಮೆಯ ಮುಂದೆ ಬಿದ್ದಿರುತ್ತದೆ.