ಅಂಗನವಾಡಿ ನಾಕಕ್ಕೆ ಮುಚ್ಚಿದ್ರೆ ಅಮ್ಮ ಏನ್ ಮಾಡ್ಬೇಕು?

ನಮಸ್ಕಾರ ಎಲ್ರಿಗೂ. ಹೋದ ಎಪಿಸೋಡ್ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಹೆತ್ತವ್ರು ಅವ್ರ ಮಕ್ಳನ್ನ ಅವ್ರೇ ನೋಡ್ಕೊಳ್ಲಿ, ನನ್ನ ಟ್ಯಾಕ್ಸ್ ದುಡ್ಡು ಯಾಕೆ ಗುರು?" ಅಂತ. ಅದಕ್ಕೆ ಬಂದಿರೋ ಲೈಕು ನನ್ನ ವಿಡಿಯೋಗೇ ಬಂದಿಲ್ಲ. ಮೊದ್ಲು ಲೈಕ್ ಒತ್ತಿ ಸ್ವಾಮಿ, ಆಮೇಲೆ ಜಗಳ ಆಡೋಣ.

ಸರ್, ಸರ್ಕಾರದ ದುಡ್ಡಲ್ಲಿ ಅಂಗನವಾಡಿ 1975ರಿಂದ ನಡೀತಿದೆ. ದೇಶದಲ್ಲಿ ಐಸಿಡಿಎಸ್ ಅಂದ್ರೆ ಈ ಅಂಗನವಾಡಿ ನಡೆಸೋ ಕೇಂದ್ರದ ಯೋಜನೆ ಶುರುವಾದಾಗ ಆರಿಸ್ಕೊಂಡ ಮೊದಲ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರಾನೂ ಒಂದು. ಸರ್ಕಾರ ಮಕ್ಳನ್ನ ನೋಡ್ಕೋಬೇಕಾ ಬೇಡ್ವಾ ಅನ್ನೋ ಚರ್ಚೆ ಆಗ್ಲೇ ಮುಗ್ದೋಯ್ತು, ನೀವು ಲೇಟು. ನನ್ನ ತಕರಾರು ಬೇರೆ, ಒಂದೇ ಒಂದು: ಬಾಗ್ಲು. ಬಾಗ್ಲು ಎಷ್ಟೊತ್ತಿನ ತನಕ ತೆಗ್ದಿರುತ್ತೆ?

ಬೆಳಗ್ಗೆ ಒಂಬತ್ತೂವರೆಗೆ ತೆಗ್ದು ಸಾಯಂಕಾಲ ನಾಕಕ್ಕೆ ಮುಚ್ತಾರೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಲೋ ಗಾರ್ಮೆಂಟ್ಸಿಗೆ ಹೋಗೋ ಹೆಣ್ಮಗಳು ಟಾರ್ಗೆಟ್ ಮುಗ್ಸಿ ಗೇಟ್ ದಾಟೋದು ಯಾವಾಗ, ಬಸ್ ಸಿಗೋದು ಯಾವಾಗ, ಮನೆ ಸೇರೋದು ಯಾವಾಗ? ಇನ್ನು ಪೌರಕಾರ್ಮಿಕರು ಬೆಳಕು ಹರಿಯೋ ಹೊತ್ತಿಗೇ ಪೊರಕೆ ಹಿಡ್ದು ರೋಡಲ್ಲಿ ಇರ್ತಾರೆ, ಅವ್ರ ಮಗು ಒಂಬತ್ತೂವರೆ ತನಕ ಎಲ್ಲಿರ್ಬೇಕು, ಕಸದ ಆಟೋದಲ್ಲಾ?

"ಕೆಲ್ಸಕ್ಕೆ ಹೋಗೋ ತಾಯಂದಿರ ಮಕ್ಳನ್ನ ನೋಡ್ಕೊಳ್ಳೋಕೆ ಕೇಂದ್ರ ಸರ್ಕಾರದ ಪಾಲನಾ ಸ್ಕೀಮ್ ಇದ್ಯಲ್ಲ" ಅಂತೀರಾ. ಇದೆ, 2022ರಲ್ಲಿ ಮಿಷನ್ ಶಕ್ತಿ ಅನ್ನೋ ಕೇಂದ್ರದ ಮಹಿಳಾ ಯೋಜನೆ ಒಳಗೆ ಬಂತು, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಏಳೂವರೆ! ಶಿಫ್ಟೇ ಎಂಟು ಗಂಟೆ ಕಣ್ರೀ! ಮಧ್ಯದಲ್ಲಿ ಊಟ, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು. ಈ ಲೆಕ್ಕ ಹಾಕಿದ ಪುಣ್ಯಾತ್ಮ ಯಾವತ್ತಾದ್ರೂ ಬಸ್ ಹತ್ತಿದಾನಾ?

ಬಸ್ ಅಂದಾಗ ನೆನಪಾಯ್ತು, 2023ರ ಜೂನ್ 11ರಿಂದ ಹೆಂಗಸ್ರಿಗೆ ಬಸ್ ಫ್ರೀ. ತುಂಬಾ ಒಳ್ಳೇದು, ನಾನು ಅದನ್ನ ಬೈಯೋ ಪೈಕಿ ಅಲ್ಲ. ಆದ್ರೆ ಮಗೂನ ಎಲ್ಲಿ ಬಿಟ್ಟು ಬಸ್ ಹತ್ಬೇಕು ಅಂತ ಹೇಳ್ಬೇಕಲ್ವಾ? ಅದೇ ವರ್ಷದ ರಾಜ್ಯ ಬಜೆಟ್ಟಲ್ಲಿ ಕೂಸಿನ ಮನೆ ಅಂತ ಶಿಶುಪಾಲನಾ ಕೇಂದ್ರಗಳ ಘೋಷಣೆ ಆಯ್ತು, 4,000 ಗ್ರಾಮ ಪಂಚಾಯ್ತಿಲಿ, ನರೇಗಾ ಕೆಲ್ಸಕ್ಕೆ ಹೋಗೋ ತಾಯಂದಿರ ಮಕ್ಳಿಗೆ. ಹೆಸ್ರು ಎಷ್ಟು ಚೆಂದ ನೋಡಿ. ಹಳ್ಳಿಗೆ ಕೂಸಿನ ಮನೆ ಬಂತು, ಸಿಟಿ ಕೂಸುಗಳೇನು ಅನಾಥವಾ? ಅದನ್ನೇ ವಾರ್ಡ್ ವಾರ್ಡಿಗೂ ತನ್ನಿ, ಏಳು ಗಂಟೆ ತನಕ ಬಾಗ್ಲು ತೆಗ್ದಿಡಿ.

ಒಂದು ನಿಮಿಷ. ನಮ್ಮ ಅತ್ತಿಗೆ ಮಾಡೋ ಶೇಂಗಾ ಚಟ್ನಿಪುಡಿ ಲಿಂಕ್ ಡಿಸ್ಕ್ರಿಪ್ಷನ್ನಲ್ಲಿ ಹಾಕಿದೀನಿ. ಅವ್ರೂ ವರ್ಕಿಂಗ್ ಮದರ್ರೇ, ಆರ್ಡರ್ ಮಾಡಿ.

ಹಾಂ, "ಕಂಪನಿನೇ ಶಿಶುಪಾಲನಾ ಕೇಂದ್ರ ಇಡ್ಬೇಕು ಅಂತ 2017ರಲ್ಲೇ ಕಾನೂನು ಬಂತಲ್ಲ" ಅಂತ ಇನ್ನೊಬ್ರು. ಬಂತು ಸರ್, 50 ಜನ ಇದ್ರೆ. ಮೂರು ಮನೇಲಿ ಪಾತ್ರೆ ತೊಳೆಯೋ ಅಕ್ಕ ಇನ್ನೂ 49 ಜನ ಅಕ್ಕಂದಿರನ್ನ ಕರ್ಕೊಂಡ್ ಬರ್ಬೇಕಾ ನಿಮ್ಮನೆಗೆ? "ಅಜ್ಜಿ ಇಲ್ವಾ?" ಅಜ್ಜಿ ರಾಯಚೂರಲ್ಲಿ ಹತ್ತಿ ಬಿಡಿಸ್ತಿದಾರೆ ರೀ! ಅಜ್ಜಿನೂ ವರ್ಕಿಂಗ್ ವುಮನ್ನೇ!

ಲಂಡನ್ನಿಂದ ಒಬ್ರು ಕನ್ನಡಿಗರು ಬರ್ದಿದಾರೆ, ಅಲ್ಲಿ 2025ರ ಸೆಪ್ಟೆಂಬರಿಂದ ಕೆಲ್ಸ ಮಾಡೋ ಅಪ್ಪ ಅಮ್ಮಂಗೆ ಒಂಬತ್ತು ತಿಂಗಳ ಕೂಸಿಂದಾನೇ ವಾರಕ್ಕೆ 30 ಗಂಟೆ ಶಿಶುಪಾಲನೆ ಫ್ರೀ ಅಂತೆ. ಭೇಷ್. ಆದ್ರೆ ಅದೂ ವರ್ಷಕ್ಕೆ 38 ವಾರ ಲೆಕ್ಕದಲ್ಲಿ. ಉಳಿದ 14 ವಾರ ಮಗೂನ ಏನು ಮಡಚಿ ಬೀರುನಲ್ಲಿ ಇಡ್ತಾರಾ? ನೋಡಿದ್ರಾ, ಅಲ್ಲೂ ಅದೇ ಕಥೆ, ಫ್ರೀ ಅಂತ ಬೋರ್ಡ್ ಹಾಕ್ತಾರೆ, ಬಾಗ್ಲಿಗೆ ಬೀಗ ಹಾಕ್ತಾರೆ.

"ಅಂಗನವಾಡಿ ಟೀಚರ್‌ಗೆ ಓವರ್ ಲೋಡ್ ಆಗಲ್ವಾ?" ಆಗುತ್ತೆ, ಈಗ್ಲೇ ಆಗಿದೆ. ಸರ್ವೆಗೆ ಅವ್ರೇ, ಎಲೆಕ್ಷನ್ನಿಗೆ ಅವ್ರೇ, ಅವ್ರಿಗೆ ಕೊಡೋದಕ್ಕೆ ಸಂಬಳ ಅಂತಾನೂ ಅನ್ನಲ್ಲ, ಗೌರವಧನ. ಪಾಪ ಫ್ರೀಡಂ ಪಾರ್ಕಲ್ಲಿ ಧರಣಿ ಕೂತು ಕೂತು ಸಾಕಾಗಿದೆ ಅವ್ರಿಗೆ. ಎರಡನೇ ಶಿಫ್ಟಿಗೆ ಬೇರೆಯವ್ರನ್ನ ತಗೊಳ್ಳಿ, ಸರಿಯಾಗಿ ಸಂಬಳ ಕೊಡಿ. ದುಡ್ಡು ಎಲ್ಲಿಂದ ಅಂತ ಕೇಳ್ಬೇಡಿ, ನನಗೆ ಫೈನಾನ್ಸ್ ಮಿನಿಸ್ಟ್ರಿ ಕೊಟ್ಟಾಗ ಹೇಳ್ತೀನಿ. ಬಾಗ್ಲು ತೆಗೀರಿ ಅಷ್ಟೇ! ಏಳು ಗಂಟೆ! ಏಳು!

ಟ್ಯಾಕ್ಸ್ ಗುರುಗಳೇ, ನೀವು ಹಾಕಿರೋ ಶರ್ಟ್ ಕಾಲರ್ ತಿರುಗಿಸಿ ನೋಡಿ, ಬೆಂಗಳೂರಲ್ಲೇ ಹೊಲಿದಿರ್ಬಹುದು. ಬೈಯೋದಿದ್ರೆ ಕಾಮೆಂಟಲ್ಲೇ ಬೈರಿ, ರೀಚ್ ಜಾಸ್ತಿ ಆಗುತ್ತೆ. ಮುಂದಿನ ವಾರ ಪಿಜಿ ಊಟದ ಬಗ್ಗೆ, ಸಬ್‌ಸ್ಕ್ರೈಬ್ ಮಾಡಿರಿ.