ಜ್ವರಕ್ಕೆ ಮೆಣಸಿನ ಸಾರು: ಅರಿಶಿನ ಕುಕ್ಕರ್‌ಗೆ ಹಾಕಬೇಕಾ, ಹುಣಸೆರಸಕ್ಕಾ?

[ಮೈಸೂರು. ನಮ್ಮ ಅಡುಗೆಮನೆ. ಒಲೆ ಮೇಲೆ ಸಾರು ಕುದಿಯುತ್ತಿದೆ.]

ನಮಸ್ಕಾರ. ಮಂಡ್ಯದಿಂದ ಒಬ್ಬ ಅಕ್ಕ ಕೇಳಿದ್ದಾರೆ: "ಮನೆಯಲ್ಲಿ ಮೂರು ಜನಕ್ಕೂ ವೈರಲ್ ಜ್ವರ. ಮೆಣಸಿನ ಸಾರು ಕುಡಿದರೆ ವೈರಸ್ ಸಾಯುತ್ತೆ ಅಂತಾರೆ ನಮ್ಮತ್ತೆ. ಹೌದಾ?"

ಬೇಸಿಕ್ಸ್ ಬೇಗ ಮುಗಿಸೋಣ. ಅರಿಶಿನದ ಹಳದಿ ಕರ್ಕ್ಯುಮಿನ್‌ನದು, ಮೆಣಸಿನ ಖಾರ ಪೈಪರಿನ್‌ನದು. ಜ್ವರದಲ್ಲಿ ಮೈಕೈ ನೋವು, ಗಂಟಲು ಊತ ಬರುವುದು ವೈರಸ್ ಒಂದರಿಂದಲೇ ಅಲ್ಲ, ಅದರ ಜೊತೆ ನಮ್ಮ ದೇಹ ಬಡಿದಾಡುವುದರಿಂದಲೂ. ಆ ಉರಿಯೂತವನ್ನು ಕರ್ಕ್ಯುಮಿನ್ ತಗ್ಗಿಸುವುದು, ಫ್ಲೂ ವೈರಸ್ಸನ್ನು ತಡೆಯುವುದು, ಎರಡೂ ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕಂಡಿವೆ. ಆದರೆ ಲ್ಯಾಬ್‌ನ ತಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ.

ನಮ್ಮ ಸಿ.ಎಫ್.ಟಿ.ಆರ್.ಐ. ಗೊತ್ತಲ್ವಾ? 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಆಹಾರ ಸಂಶೋಧನಾಲಯ. ಅಡುಗೆಯ ಬಿಸಿಗೆ ಅರಿಶಿನದ ಕರ್ಕ್ಯುಮಿನ್ ಎಷ್ಟು ಹಾಳಾಗುತ್ತೆ ಅಂತ ಅಲ್ಲಿನ ವಿಜ್ಞಾನಿಗಳು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದರು. ಶೇ. 27ರಿಂದ 53ರಷ್ಟು! ಕುಕ್ಕರ್‌ನಲ್ಲಿ 10 ನಿಮಿಷ ಬೇಯಿಸಿದಾಗ ಎಲ್ಲಕ್ಕಿಂತ ಜಾಸ್ತಿ. ತೊಗರಿಬೇಳೆ ಜೊತೆಗಿದ್ದರೂ ನಷ್ಟ ಹೆಚ್ಚುಕಮ್ಮಿ ಅಷ್ಟೇ. ಹುಣಸೆಹಣ್ಣು ಸೇರಿಸಿದಾಗ? ನಷ್ಟ ಶೇ. 12-30ರಷ್ಟಕ್ಕೆ ಇಳಿಯಿತು.

ಯಾಕೆ ಅಂತ ಇಲ್ಲೇ ತೋರಿಸುತ್ತೇನೆ.

[ಎರಡು ಬಿಳಿ ಬಟ್ಟಲು, ತೀರಾ ಹತ್ತಿರದಿಂದ.]

ಎರಡರಲ್ಲೂ ಅರಿಶಿನದ ನೀರು. ದೇವರಾಜ ಮಾರ್ಕೆಟ್‌ನಿಂದ ತಂದ ಅರಿಶಿನ. ಮೊದಲನೆಯದಕ್ಕೆ ಎಲೆಗೆ ಹಚ್ಚುವ ಸುಣ್ಣ, ಕಡಲೆಕಾಳಿನಷ್ಟು. ಚಮಚ ಆಡಿಸುತ್ತಿದ್ದ ಹಾಗೇ ನೋಡಿ, ಕೆಂಪು! ಮದುವೆಮನೆಯ ಆರತಿ ನೀರು ಇದೇ ಅಲ್ವಾ? ಎರಡನೆಯದಕ್ಕೆ ಹುಣಸೆರಸ. ಹಳದಿ ಕದಲಲಿಲ್ಲ. ಸುಣ್ಣದಂಥ ಕ್ಷಾರ ಕರ್ಕ್ಯುಮಿನ್‌ಗೆ ಆಗಿಬರುವುದಿಲ್ಲ, ಕೆಂಪಾಗಿ ನಿಧಾನಕ್ಕೆ ಒಡೆದುಹೋಗುತ್ತದೆ. ಹುಳಿಯಲ್ಲಿ ಬಾಳಿಕೆ ಬರುತ್ತದೆ. ಇದನ್ನು ಓದಿದ ಮೇಲೆ ನಾನು ಕುಕ್ಕರ್‌ಗೆ ಅರಿಶಿನ ಹಾಕುವುದನ್ನು ಬಿಟ್ಟೆ. ಹುಣಸೆರಸ ಕುದಿಯುವಾಗ ಹಾಕುತ್ತೇನೆ.

ಇನ್ನು ಮೆಣಸು. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. ಕರುಳು, ಲಿವರ್ ಎರಡೂ ಅದನ್ನು ಬೇಗ ಬದಲಿಸಿ ಹೊರಗೆ ಸಾಗಹಾಕುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ದೇಹಕ್ಕೆ ದಕ್ಕಿದ್ದು ಶೇ. 2000ರಷ್ಟು ಜಾಸ್ತಿಯಾಯಿತು.

ಈಗ ನಮ್ಮ ಸಾರಿನ ಲೆಕ್ಕ ಹಾಕಿ. ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3. ಕಾಲು ಗ್ರಾಂ ಚಿಟಿಕೆಗೆ 7-8 ಮಿಲಿಗ್ರಾಂ. ಅವರು ಕೊಟ್ಟದ್ದು ಅದರ 250 ಪಟ್ಟು. ಹಾಗಾಗಿ ಅಕ್ಕಾ, ಸಾರಿಗೆ ವೈರಸ್ ಸಾಯುವುದಿಲ್ಲ. ಆದರೆ ಬಿಸಿನೀರು, ಉಪ್ಪು ಒಳಗೆ ಹೋಗುತ್ತದೆ. ಖಾರಕ್ಕೆ ಮೂಗು ಸೋರಿ ಉಸಿರಾಟ ಸಲೀಸಾಗುತ್ತದೆ. ರುಚಿ ಕೆಟ್ಟ ಬಾಯಿಗೆ ಎರಡು ತುತ್ತು ಅನ್ನ ಸೇರುತ್ತದೆ. ಅತ್ತೆ ಲೋಟ ಕೈಗಿಟ್ಟರೆ ಖಂಡಿತ ಕುಡಿಯಿರಿ.

ಶುಂಠಿ, ಲವಂಗಕ್ಕೆ ಇವತ್ತು ಟೈಮ್ ಸಾಲದು. ಎರಡು ಮಾತು ಮಾತ್ರ ಹೇಳದೆ ಹೋಗಲಾರೆ. ಇಮ್ಯುನಿಟಿ ಅಂತ ಮಾರುವ ಅರಿಶಿನ-ಮೆಣಸಿನ ಕ್ಯಾಪ್ಸೂಲ್ ನುಂಗಿ ಲಿವರ್‌ಗೆ ಪೆಟ್ಟಾದವರಿದ್ದಾರೆ. ಪೈಪರಿನ್ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಔಷಧಿಯನ್ನೂ ರಕ್ತದಲ್ಲಿ ಏರಿಸುತ್ತದೆ. ಡಾಕ್ಟರನ್ನು ಕೇಳದೆ ಸುಮ್ನೆ ತಗೋಬೇಡಿ. ಇನ್ನೊಂದು, ಡೆಂಗಿ. ಜ್ವರ ಇಳಿಯುವ ಹೊತ್ತಿಗೆ ಜೋರು ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಒಲೆ ಆರಿಸಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.