ಸಾಕುಪ್ರಾಣಿಯ ಚಿಕಿತ್ಸೆಯಲ್ಲಿ ಲೋಪವಾದರೆ

ಕೇಳುಗರಿಗೆ ನಮಸ್ಕಾರ.

ಜ್ವರವೆಂದು ಖಾಸಗಿ ಕ್ಲಿನಿಕ್ಕಿಗೆ ಒಯ್ದ ನಾಯಿಗೆ ಹಿಂದೊಡೆಯಲ್ಲಿ ಇಂಜೆಕ್ಷನ್ ಹಾಕಿಸಿದ್ದೀರಿ, ಮನೆಗೆ ಬಂದ ಮೇಲೆ ಅದು ಆ ಕಾಲನ್ನು ಎಳೆಯುತ್ತಿದೆ, ಪಾದ ಮಡಚಿ ಬೆರಳುಗಳ ಮೇಲ್ಭಾಗವನ್ನೇ ನೆಲಕ್ಕೆ ಊರುತ್ತಿದೆ ಎಂದಿಟ್ಟುಕೊಳ್ಳಿ. ಸೂಜಿ ತೊಡೆಯ ನರಕ್ಕೆ ತಗುಲಿದರೆ ಹೀಗಾಗುವುದುಂಟು. ಆದರೆ ಫಲ ಕೆಟ್ಟದಾದ ಮಾತ್ರಕ್ಕೆ ಅದು ನಿರ್ಲಕ್ಷ್ಯವೆನಿಸದು. ಸಾಮಾನ್ಯ ಕೌಶಲವುಳ್ಳ ವೈದ್ಯರೊಬ್ಬರು ಅದೇ ಸಂದರ್ಭದಲ್ಲಿ ವಹಿಸುತ್ತಿದ್ದ ಎಚ್ಚರವನ್ನು ಇವರು ವಹಿಸಿದರೇ ಎಂಬುದೇ ಪ್ರಶ್ನೆ. ಮನುಷ್ಯರ ಚಿಕಿತ್ಸೆಗೆ ಸಂಬಂಧಿಸಿದ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದ ಅಳತೆಗೋಲು ಇದು.

ರುಜುವಾತಿನ ಹೊಣೆ ದೂರುದಾರರದು. ಆದ್ದರಿಂದ ಔಷಧ ಚೀಟಿ, ರಸೀದಿ, ಸಿಕ್ಕರೆ ಬ್ಯಾಚ್ ಸಂಖ್ಯೆ ಕಾಣುವಂತೆ ಔಷಧದ ಸೀಸೆಯ ಫೋಟೊ, ನಾಯಿ ಕುಂಟುವ ವಿಡಿಯೊ, ಇನ್ನೊಬ್ಬ ಪಶುವೈದ್ಯರ ಲಿಖಿತ ಅಭಿಪ್ರಾಯ ಇವನ್ನೆಲ್ಲ ತಡಮಾಡದೆ ಕೂಡಿಸಿಕೊಳ್ಳಬೇಕು. ಪ್ರಾಣಿ ಸತ್ತಿದ್ದರೆ ಮರಣೋತ್ತರ ಪರೀಕ್ಷೆಯೇ ಮುಖ್ಯ ಸಾಕ್ಷ್ಯ. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಶವ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಫ್ರೀಜರಿನಲ್ಲಿಟ್ಟು ಗಡ್ಡೆಗಟ್ಟಿಸಿದರೆ ಅಂಗಾಂಶ ಹಾಳಾಗುವುದರಿಂದ, ಸುತ್ತಲೂ ಮಂಜುಗಡ್ಡೆಯಿಟ್ಟು ತಂಪಾಗಿರಿಸಿ ಬೇಗನೆ ಒಯ್ಯಬೇಕು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮೊದಲು ಅಲ್ಲಿ ವಿಚಾರಿಸಿ. ದುಃಖದ ಭರದಲ್ಲಿ ಸಂಜೆಯೊಳಗೆ ಹೂತುಬಿಟ್ಟರೆ ಪ್ರಕರಣವೂ ಅದರೊಂದಿಗೆ ಮಣ್ಣುಪಾಲಾಗುತ್ತದೆ.

ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಚಿಕಿತ್ಸೆ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಆಗಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಸರ್ಕಾರಿ ಪಶು ಆಸ್ಪತ್ರೆಗೆ ಮಾತ್ರ ಇದು ಅನ್ವಯಿಸದು; ಅಲ್ಲಿನ ಲೋಪಕ್ಕೆ ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ ಬರೆಯಬೇಕು.

ವೃತ್ತಿಧರ್ಮ ಮೀರಿದ ನಡತೆಯ ಬಗ್ಗೆ ಕರ್ನಾಟಕ ಪಶುವೈದ್ಯ ಪರಿಷತ್ತಿಗೆ ದೂರಬಹುದು. ಪರಿಷತ್ತು ಶಿಸ್ತುಕ್ರಮ ಜರುಗಿಸಬಹುದೇ ಹೊರತು ಪರಿಹಾರದ ಹಣ ಕೊಡಿಸದು. ಸೂಜಿ ಚುಚ್ಚಿದವರು ನೋಂದಾಯಿತ ವೈದ್ಯರೇ ಎಂಬುದನ್ನೂ ಆಗಲೇ ಕೇಳಿ ತಿಳಿಯಿರಿ. ಔಷಧ ಅಂಗಡಿಯ ಹುಡುಗರೇ ಚುಚ್ಚಿದ್ದರೆ ಅದು ಬೇರೆಯೇ ಅಪರಾಧ.

ಕೋಪದಲ್ಲಿ ನೇರ ಪೊಲೀಸ್ ಠಾಣೆಗೆ ಹೋಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದೇ ನನ್ನ ಅಭಿಪ್ರಾಯ. ಪ್ರಾಣಿಯನ್ನು ಕೊಂದವರಿಗೆ, ಅಂಗಹೀನಗೊಳಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಐದು ವರ್ಷದವರೆಗೆ ಸಜೆ ಹೇಳುತ್ತದಾದರೂ, ಅದಕ್ಕೆ ಕೇಡಿನ ಉದ್ದೇಶವೋ ಅರಿವೋ ಸಾಬೀತಾಗಬೇಕು, ಕೈತಪ್ಪು ಸಾಲದು.

ಕಾನೂನಿನ ಕಣ್ಣಿಗೆ ಸಾಕುಪ್ರಾಣಿ ಚರ ಆಸ್ತಿ. ಬೀದಿಯಿಂದ ತಂದು ಸಾಕಿದ ನಾಯಿಗೆ ಬೆಲೆಯೆಲ್ಲಿಯದು ಎಂದು ಎದುರುಪಕ್ಷದವರು ವಾದಿಸಬಹುದು. ಆದ್ದರಿಂದ ದೂರಿನಲ್ಲಿ ಮೊದಲ ಚಿಕಿತ್ಸೆಯ ಹಣ, ಅನಂತರದ ಚಿಕಿತ್ಸೆಯ ವೆಚ್ಚ, ಮಾನಸಿಕ ಯಾತನೆ, ದಾವೆಯ ಖರ್ಚು ಇವನ್ನು ಬೇರೆಬೇರೆಯಾಗಿ ನಮೂದಿಸಿ, ಒಂದೊಂದಕ್ಕೂ ಮೊತ್ತ ಬರೆದು ಕೇಳಬೇಕು. ನಮಸ್ಕಾರ.